ತರಗತಿಗೆ ಬಂದ ಬೆಳಕಿನ ಟೊಪ್ಪಿಗೆ



ಇತ್ತೀಚೆಗೆ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು, ಪರಸ್ಪರ ಪರಿಚಯವಿಲ್ಲದವರು, ಹೆಚ್ಚುಕಡಿಮೆ ಒಂದೇ ವಿಷಯವನ್ನು ಕುರಿತು ನನಗೆ ಬರೆದಿದ್ದಾರೆ. ಒಬ್ಬಾಕೆ ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ತಾಯಿಯೂ ಮಗುವೂ ಆಟವಾಡುತ್ತಿರುವಾಗ ಇಬ್ಬರ ತಲೆಗೂ ಒಂದೊಂದು ಟೊಪ್ಪಿಗೆ ತೊಡಿಸಿ, ಅದರೊಳಗಿನ ಬೆಳಕಿನ ನೆರವಿನಿಂದ ಎರಡು ಮಿದುಳುಗಳ ಚಟುವಟಿಕೆಯನ್ನು ಏಕಕಾಲದಲ್ಲಿ ದಾಖಲಿಸುವುದು ಅವಳ ಕೆಲಸ. ಇನ್ನೊಬ್ಬ ನಮ್ಮ ನಾಡಿನಲ್ಲೇ ಒಂದು ಖಾಸಗಿ ಶಾಲೆಯ ಆಡಳಿತ ಮಂಡಳಿಯಲ್ಲಿದ್ದಾನೆ. ಮಕ್ಕಳ ಹಣೆಗೆ ಪಟ್ಟಿ ಕಟ್ಟಿ ಅವರ ಗಮನವನ್ನು ಅಂಕಿಗಳಲ್ಲಿ ತೋರಿಸುವ ಸಾಧನವೊಂದನ್ನು ಮಾರಲು ಯಾರೋ ಅವನ ಶಾಲೆಗೆ ಬಂದಿದ್ದರಂತೆ. "ಮೇಷ್ಟ್ರೇ, ಇದನ್ನು ಕೊಳ್ಳಬಹುದೇ?" ಎಂಬುದು ಅವನ ಪ್ರಶ್ನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಕೆಯ ಟೊಪ್ಪಿಗೆ ನಮ್ಮ ಶಾಲೆಗಳಿಗೂ ಬರಲಿ. ಅವನ ಶಾಲೆಯ ಗೇಟಿಗೆ ಬಂದಿರುವ ಪಟ್ಟಿ ಒಳಗೆ ಬರುವುದು ಬೇಡ. ಮೇಲುನೋಟಕ್ಕೆ ಇವೆರಡೂ ಒಂದೇ ಕುಲದವು. ಹಾಗಿದ್ದೂ ಒಂದು ಬೇಕು, ಒಂದು ಬೇಡ ಎನ್ನುವುದೇಕೆ ಎಂಬುದನ್ನು ವಿವರಿಸುವುದಕ್ಕಾಗಿ ಈ ಲೇಖನ. ಮೂರು ದಶಕಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಬೋಧಿಸಿದವನು ನಾನು, ಮಿದುಳಿನ ತಜ್ಞನಲ್ಲ. ಆದರೆ ಒಬ್ಬರ ಮನಸ್ಸಿನಲ್ಲಿರುವುದು ಇನ್ನೊಬ್ಬರ ಮನಸ್ಸಿಗೆ ಹೇಗೆ ದಾಟುತ್ತದೆ ಎಂಬ ಪ್ರಶ್ನೆಯ ಎದುರಿಗೆ ದಿನಕ್ಕೆ ಆರು ಪೀರಿಯಡ್ ನಿಂತವನು. ಆದ್ದರಿಂದ ಈ ವಿಷಯದಲ್ಲಿ ಮಾತನಾಡುವ ಸ್ವಲ್ಪ ಅಧಿಕಾರ ನನಗೂ ಉಂಟೆಂದು ಭಾವಿಸಿದ್ದೇನೆ.

ಮೊದಲು ಈ ಬೆಳಕಿನ ಕಥೆ. ಕತ್ತಲೆಯಲ್ಲಿ ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಬೆರಳುಗಳು ಕೆಂಪಗೆ ಹೊಳೆಯುವುದನ್ನು ನೀವೆಲ್ಲ ಬಾಲ್ಯದಲ್ಲಿ ನೋಡಿದ್ದೀರಿ. ಬಿಳಿಯ ಬೆಳಕಿನಲ್ಲಿ ಏಳು ಬಣ್ಣಗಳಿದ್ದರೂ ಮಾಂಸವನ್ನು ಹಾದು ಹೊರಗೆ ಬರುವುದು ಮುಖ್ಯವಾಗಿ ಕೆಂಪು. ಕೆಂಪಿಗಿಂತ ಇನ್ನೂ ಆಚೆಯ, ಕಣ್ಣಿಗೆ ಕಾಣದ ಅವಗೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕಿನ ಹತ್ತಿರದ ಭಾಗ ಇನ್ನೂ ಚೆನ್ನಾಗಿ ಹಾಯುತ್ತದೆ. ಸುಮಾರು 650ರಿಂದ 950 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ನಮ್ಮ ದೇಹ ಒಂದು ಕಿಟಕಿಯಂತೆ ತೆರೆದಿದೆ. ಈ ಕಿಟಕಿಯ ಮೂಲಕ ಮಿದುಳಿನೊಳಗಿನ ಆಮ್ಲಜನಕದ ಸ್ಥಿತಿಯನ್ನು ಹೊರಗಿನಿಂದಲೇ ಕಾಣಬಹುದೆಂದು 1977ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಊಟದ ಹೊತ್ತಿನಲ್ಲಿ ಒಂದು ಚಪ್ಪಟೆ ಮೂಳೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಕೆಂಪು ಬೆಳಕು ಅದನ್ನು ದಾಟಿ ಬಂದದ್ದು ಅವರಿಗೆ ಈ ಯೋಚನೆಯನ್ನು ಕೊಟ್ಟಿತಂತೆ. ಮೂಳೆಯನ್ನು ದಾಟುವ ಬೆಳಕು ತಲೆಬುರುಡೆಯನ್ನೂ ದಾಟಬೇಕಲ್ಲವೇ?

2020 ಮತ್ತು 2021ರ ಕೊರೋನಾ ದಿನಗಳಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ನೆನೆಯಿರಿ. ತತ್ತ್ವ ಅದೇ. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಒಂದು ಬಗೆಯಲ್ಲಿ ಬೆಳಕನ್ನು ಹೀರುತ್ತದೆ, ಆಮ್ಲಜನಕವನ್ನು ಇಳಿಸಿಬಂದ ಹಿಮೋಗ್ಲೋಬಿನ್ ಇನ್ನೊಂದು ಬಗೆಯಲ್ಲಿ. ಎರಡು ತರಂಗಾಂತರಗಳ ಬೆಳಕನ್ನು ಹಾಯಿಸಿ, ಎಷ್ಟೆಷ್ಟು ಉಳಿದು ಬಂತೆಂದು ಅಳೆದರೆ ಎರಡರ ಪ್ರಮಾಣದಲ್ಲಾದ ಏರುಪೇರು ತಿಳಿಯುತ್ತದೆ. ಬೆರಳಾದರೆ ಬೆಳಕು ಈ ಕಡೆಯಿಂದ ಆ ಕಡೆಗೆ ದಾಟುತ್ತದೆ. ದೊಡ್ಡವರ ತಲೆಯನ್ನು ಹಾಗೆ ದಾಟಲಾರದು. ಆದ್ದರಿಂದ ಟೊಪ್ಪಿಗೆಯಲ್ಲಿ ಬೆಳಕು ಬಿಡುವ ಬಿಂದುವಿನಿಂದ ಸುಮಾರು 3 ಸೆಂಟಿಮೀಟರ್ ದೂರದಲ್ಲಿ ಬೆಳಕು ಹಿಡಿಯುವ ಬಿಂದುವನ್ನು ಇರಿಸುತ್ತಾರೆ. ಒಳಹೊಕ್ಕ ಬೆಳಕು ಚೆದರಿ, ಬಾಳೆಹಣ್ಣಿನಂತೆ ಬಾಗಿದ ದಾರಿಯಲ್ಲಿ ಮಿದುಳಿನ ಹೊರಪದರವನ್ನು ಸವರಿಕೊಂಡು ಅತ್ಯಲ್ಪ ಪ್ರಮಾಣದಲ್ಲಿ ಹೊರಬರುತ್ತದೆ. ಮಿದುಳಿನ ಯಾವ ಭಾಗ ದುಡಿಯುತ್ತದೆಯೋ ಅಲ್ಲಿಗೆ ಹೊಸ ರಕ್ತ ಹರಿಯುತ್ತದೆ. ಆ ಹರಿವನ್ನು ಈ ಬೆಳಕು ಗುರುತಿಸುತ್ತದೆ. ವಿಜ್ಞಾನಿಗಳು ಇದನ್ನು ಚುಟುಕಾಗಿ 'ಎಫ್‌ನಿರ್ಸ್' ಎನ್ನುತ್ತಾರೆ.

ಇದರಲ್ಲಿ ಅಂಥ ವಿಶೇಷವೇನು? ಮಿದುಳನ್ನು ನೋಡಲು ಎಂ.ಆರ್.ಐ. ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಮಿದುಳಿನ ಆಳವನ್ನು ಅದು ತೋರಿಸುವಷ್ಟು ಸ್ಫುಟವಾಗಿ ಈ ಬೆಳಕು ಎಂದಿಗೂ ತೋರಿಸಲಾರದು. ಆದರೆ ಎಂ.ಆರ್.ಐ. ಮಾಡಿಸಿಕೊಂಡವರಿಗೆ ಅದರ ಅನುಭವ ಗೊತ್ತು. ಸುರಂಗದಂಥ ಕೊಳವೆಯಲ್ಲಿ ಅಂಗಾತ ಮಲಗಬೇಕು, ಅಲುಗಾಡಬಾರದು, ನೂರು ಡೆಸಿಬೆಲ್ ದಾಟುವ ಬಡಿತದ ಸದ್ದನ್ನು ಸಹಿಸಬೇಕು. ಅಲ್ಲಿ ಎದುರಿಗೆ ಯಾರೂ ಇಲ್ಲ. 1990ರ ದಶಕದಿಂದ ಈಚೆಗೆ ಮಿದುಳನ್ನು ಕುರಿತು ನಾವು ಓದಿದ ಅಪಾರ ಸಂಗತಿಗಳು ಹೀಗೆ ಒಂಟಿಯಾಗಿ ಮಲಗಿದ ಮನುಷ್ಯನಿಂದ ಬಂದವು. ಭಾಷೆಯನ್ನು ಕುರಿತ ಪ್ರಯೋಗವಾದರೂ ಅಷ್ಟೆ, ಸ್ನೇಹವನ್ನು ಕುರಿತದ್ದಾದರೂ ಅಷ್ಟೆ. ಈಜುವುದು ಹೇಗೆಂದು ತಿಳಿಯಲು ಮನುಷ್ಯನನ್ನು ದಡದ ಮೇಲೆ ಮಲಗಿಸಿ ಕೈಕಾಲು ಪರೀಕ್ಷಿಸಿದಂತಾಯಿತು. ಅದರಿಂದ ತಿಳಿಯುವುದು ಬಹಳವಿದೆ. ಆದರೆ ನೀರಿಗಿಳಿದಾಗ ಏನಾಗುತ್ತದೆಂಬುದು ತಿಳಿಯುವುದಿಲ್ಲ.

ತಲೆಗೆ ವಿದ್ಯುದ್ವಾರಗಳನ್ನು ಅಂಟಿಸುವ ಇ.ಇ.ಜಿ. ಹಳೆಯದು, ವೇಗವಾದದ್ದು, ಅದನ್ನೂ ಹೊತ್ತು ಓಡಾಡಬಹುದು. ಆದರೆ ರೆಪ್ಪೆ ಬಡಿದರೂ ದವಡೆ ಆಡಿದರೂ ಅದರ ಗೆರೆ ಕದಡುತ್ತದೆ. ಬೆಳಕಿನ ಟೊಪ್ಪಿಗೆ ಸಣ್ಣಪುಟ್ಟ ಚಲನೆಯನ್ನು ಅದಕ್ಕಿಂತ ಚೆನ್ನಾಗಿ ಸಹಿಸುತ್ತದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಪ್ರಯೋಗ ನಡೆಸಬಹುದು. ಇಬ್ಬರು ಎದುರುಬದುರಾಗಿ ಕುಳಿತು ಮಾತನಾಡಬಹುದು, ಹಾಡಬಹುದು, ಜಗಳವನ್ನೂ ಆಡಬಹುದು. ಇಬ್ಬರ ಮಿದುಳೂ ಒಟ್ಟಿಗೆ ದಾಖಲಾಗುತ್ತವೆ.

ಹೀಗೆ ದಾಖಲಿಸಿದವರಿಗೆ ಕಂಡದ್ದೇನು? ಚೀನಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಹತ್ತು ಜೋಡಿಗಳು ನಾಲ್ಕು ಬಗೆಯಲ್ಲಿ ಮಾತಾಡಿದವು. ಎದುರುಬದುರು ಕುಳಿತು ಸಂಭಾಷಣೆ. ಬೆನ್ನಿಗೆ ಬೆನ್ನು ಮಾಡಿ ಸಂಭಾಷಣೆ. ಎದುರಿದ್ದರೂ ಒಬ್ಬರೇ ಮಾತಾಡುವುದು. ಬೆನ್ನು ಮಾಡಿ ಕುಳಿತು ಒಬ್ಬರೇ ಮಾತಾಡುವುದು. ಎಡಗಡೆಯ ಮುಂಭಾಗದ ಮಿದುಳಿನ ಒಂದು ಕಡೆ ಇಬ್ಬರ ಏರಿಳಿತಗಳು ಗಮನಾರ್ಹವಾಗಿ ಹೊಂದಿಕೊಂಡದ್ದು ಮೊದಲನೆಯ ಬಗೆಯಲ್ಲಿ ಮಾತ್ರ. ಮುಖ ಕಾಣಬೇಕು, ಜೊತೆಗೆ ಮಾತು ಕೊಟ್ಟು ಮಾತು ತೆಗೆದುಕೊಳ್ಳಬೇಕು. ಅದೇ 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಬ್ಬರಿಗೆ ಗುಂಡಿ ಒತ್ತುವ ಸರಳ ಆಟ ಕೊಟ್ಟರು. ಇಬ್ಬರೂ ಒಂದೇ ಕ್ಷಣಕ್ಕೆ ಒತ್ತಲು ಸಹಕರಿಸಿದಾಗ ಹೊಂದಿಕೆ ಕಂಡಿತು; ಯಾರು ಮೊದಲು ಒತ್ತುತ್ತಾರೆಂದು ಸ್ಪರ್ಧಿಸಿದಾಗ ಕಾಣಲಿಲ್ಲ.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಹಾಡು ಕಲಿಸುವ ಪ್ರಯೋಗ. ಶಾಂಘೈ ನಗರದ ಸಂಶೋಧಕರು 2018ರಲ್ಲಿ ಅದನ್ನು ಪ್ರಕಟಿಸಿದರು. ಕಲಿಸುವವರು ಒಂದು ಬಗೆಯಲ್ಲಿ ಹಾಡನ್ನು ಸಾಲು ಸಾಲಾಗಿ ಹೇಳಿಕೊಟ್ಟರು. ಇನ್ನೊಂದು ಬಗೆಯಲ್ಲಿ ಇಡೀ ಹಾಡನ್ನು ಒಮ್ಮೆಲೇ ಹಾಡಿ ತೋರಿಸಿದರು. ಸಾಲು ಸಾಲಾಗಿ ಕಲಿಸುವಾಗ ಗುರುಶಿಷ್ಯರ ಮಿದುಳುಗಳ ಹೊಂದಿಕೆ ಹೆಚ್ಚಿತ್ತು. ಅದೂ ಶಿಷ್ಯನು ಹಾಡುವಾಗಿನದಕ್ಕಿಂತ, ಗುರುವನ್ನು ಗಮನಿಸುತ್ತಾ ಕೇಳುತ್ತಿರುವಾಗಿನ ಹೊಂದಿಕೆಯೇ ಮುಖ್ಯವಾಗಿತ್ತು. ಕೊನೆಗೆ ಯಾರು ಎಷ್ಟು ಚೆನ್ನಾಗಿ ಹಾಡಿದರೆಂಬುದರ ಸುಳಿವು ಅದರಲ್ಲಿತ್ತು. ಗುರು ಒಂದು ಸಲ, ಶಿಷ್ಯ ಒಂದು ಸಲ ಎನ್ನುವ ಸಂಗೀತ ಪಾಠವನ್ನು ಕೇಳಿ ಬೆಳೆದವರಿಗೆ, ಮಗ್ಗಿಯನ್ನೂ ಪದ್ಯವನ್ನೂ ಹೇಳಿಕೊಟ್ಟು ಹೇಳಿಸಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೇಳಿಸಿಕೊಳ್ಳುತ್ತಿರುವ ಮಗು ಸುಮ್ಮನೆ ಕುಳಿತಿಲ್ಲ, ಆಗಲೇ ಕಲಿಕೆ ನಡೆಯುತ್ತಿದೆ ಎಂಬುದಕ್ಕೆ ಒಂದು ಸಾಕ್ಷಿ ಸಿಕ್ಕಿತಲ್ಲ, ಅದು ನನಗೆ ಸಂತೋಷ ಕೊಟ್ಟಿತು.

ಪ್ರಾಚೀನ ಗ್ರೀಸಿನ ಸಾಕ್ರೆಟಿಸ್ ಒಬ್ಬ ಓದಿಲ್ಲದ ಹುಡುಗನಿಗೆ ಬರೀ ಪ್ರಶ್ನೆಗಳನ್ನೇ ಕೇಳುತ್ತಾ, ಒಂದು ಚೌಕದ ಎರಡರಷ್ಟು ವಿಸ್ತೀರ್ಣದ ಚೌಕವನ್ನು ರಚಿಸುವ ರೇಖಾಗಣಿತವನ್ನು ಅವನಿಂದಲೇ ಹೊರಡಿಸಿದ ಪ್ರಸಂಗ ಪ್ಲೇಟೋ ಬರೆದ 'ಮೆನೋ' ಸಂವಾದದಲ್ಲಿ ಬರುತ್ತದೆ. ಇದೇ ಪಾಠವನ್ನು ಗುರುಶಿಷ್ಯರ ಜೋಡಿಗಳಿಂದ ಮಾಡಿಸಿ, ಇಬ್ಬರ ಹಣೆಗೂ ಈ ಬೆಳಕಿನ ಸಾಧನವನ್ನಿಟ್ಟು ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಪಾಠವನ್ನು ಅರಗಿಸಿಕೊಂಡು ಬೇರೆ ಲೆಕ್ಕಕ್ಕೂ ಅನ್ವಯಿಸಬಲ್ಲವರಾದ ಶಿಷ್ಯರ ಮಿದುಳಿನ ಏರಿಳಿತ ಗುರುವಿನದರೊಡನೆ ಹೆಜ್ಜೆ ಹಾಕಿತ್ತು. ಇನ್ನೂ ಕುತೂಹಲದ ಸಂಗತಿಯೆಂದರೆ, ಅಂಥವರ ಮಿದುಳಿನ ಚಟುವಟಿಕೆ ಉಳಿದವರದ್ದಕ್ಕಿಂತ ಹೆಚ್ಚಾಗಿರಲಿಲ್ಲ, ಕಡಿಮೆಯಿತ್ತು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಹಣೆಪಟ್ಟಿಯ ಮಾತು ಬಂದಾಗ ಬೇಕಾಗುತ್ತದೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರ 2020ರ ಅಧ್ಯಯನ ಒಂಬತ್ತರಿಂದ ಹದಿನೈದು ತಿಂಗಳ ಶಿಶುಗಳನ್ನು ಕುರಿತದ್ದು. ಪ್ರಯೋಗ ನಡೆಸುವಾಕೆ ಒಮ್ಮೆ ಶಿಶುವಿನೊಡನೆ ನೇರವಾಗಿ ಆಡಿ, ಹಾಡಿ, ಪುಸ್ತಕ ಓದಿ ಹೇಳಿದಳು. ಇನ್ನೊಮ್ಮೆ ಪಕ್ಕಕ್ಕೆ ತಿರುಗಿ ಬೇರೆ ದೊಡ್ಡವರೊಡನೆ ಮಾತಾಡಿದಳು. ಶಿಶು ತನ್ನ ಪೋಷಕರೊಡನೆ ಇತ್ತು. ನೇರವಾಗಿ ಆಡುವಾಗ ಎರಡು ಮಿದುಳುಗಳೂ ಹೊಂದಿಕೊಂಡವು. ಅಷ್ಟೇ ಅಲ್ಲ, ಹಲವು ಸಲ ಶಿಶುವಿನ ಮಿದುಳು ಕೆಲವು ಸೆಕೆಂಡು ಮುಂದೆ, ದೊಡ್ಡವಳದು ಹಿಂದೆ! ಯಾರು ಯಾರನ್ನು ನಡೆಸುತ್ತಿದ್ದಾರೆ? ಮೊಮ್ಮಕ್ಕಳನ್ನು ಆಡಿಸಿದವರಿಗೆ ಇದರ ಉತ್ತರ ಗೊತ್ತಿದೆ.

ಇನ್ನೊಂದು ಸಂಗತಿ ಕೊರೋನಾ ಕಾಲವನ್ನು ನೆನಪಿಸುವಂಥದ್ದು. ಯೇಲ್ ವಿಶ್ವವಿದ್ಯಾಲಯದ ಜಾಯ್ ಹಿರ್ಷ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರಿಗೆ ಕುಳಿತ ಮುಖವನ್ನು ನೋಡುವಾಗಲೂ ಪರದೆಯ ಮೇಲೆ ನೇರಪ್ರಸಾರದ ಮುಖವನ್ನು ನೋಡುವಾಗಲೂ ಮಿದುಳು ಒಂದೇ ರೀತಿ ವರ್ತಿಸಲಿಲ್ಲ. ಪರದೆಯ ಮುಖಕ್ಕೆ ಅದರ ಪ್ರತಿಕ್ರಿಯೆ ಗಣನೀಯವಾಗಿ ಕುಗ್ಗಿತ್ತು. 2020ರಲ್ಲಿ ನಮ್ಮ ಸರಕಾರಿ ಶಾಲೆಗಳ ಶಿಕ್ಷಕರು 'ವಿದ್ಯಾಗಮ' ಯೋಜನೆಯಡಿ ಮಕ್ಕಳಿದ್ದಲ್ಲಿಗೇ ಹೋಗಿ, ಗುಡಿಯ ಜಗುಲಿಯಲ್ಲೋ ಮರದ ನೆರಳಿನಲ್ಲೋ ಪಾಠ ಮಾಡಿದರು. ಸೋಂಕಿನ ಭಯದಿಂದ ಅದನ್ನು ಅಕ್ಟೋಬರ್ ತಿಂಗಳಲ್ಲಿ ನಿಲ್ಲಿಸಬೇಕಾಯಿತು. ಮೊಬೈಲಿನಲ್ಲೇ ಪಾಠ ಸಾಲದೇ ಎಂದು ಅಂದು ಕೇಳಿದವರಿಗೆ ಕೊಡಲು ನಮ್ಮ ಬಳಿ ಇದ್ದದ್ದು ಅನುಭವ ಮಾತ್ರ. ಇಂದು ಅದರ ಜೊತೆಗೆ ಇನ್ನೊಂದಿಷ್ಟು ಸಾಮಗ್ರಿ ಇದೆ.

ಇಷ್ಟನ್ನು ಹೇಳಿದ ಕೂಡಲೇ ನಮ್ಮ ಬಂಧುವರ್ಗದಲ್ಲಿ ಕೆಲವರು, "ಇದೆಲ್ಲ ನಮ್ಮ ಅಜ್ಜಿಗೆ ಗೊತ್ತಿತ್ತು, ಇದಕ್ಕೆ ಯಂತ್ರ ಯಾಕೆ?" ಎನ್ನುತ್ತಾರೆಂದು ಬಲ್ಲೆ. ಅಜ್ಜಿಗೆ ಗೊತ್ತಿತ್ತು, ನಿಜ. ಆದರೆ ಎಡಗೈಯಲ್ಲಿ ಬರೆಯುವ ಮಗುವಿನ ಕೈಗೆ ಹೊಡೆದು ಬಲಗೈ ರೂಢಿ ಮಾಡಿಸಬೇಕೆಂಬುದೂ ಆ ಕಾಲದವರಿಗೆ ಅಷ್ಟೇ ಖಚಿತವಾಗಿ ಗೊತ್ತಿತ್ತು. ಅನುಭವದಿಂದ ಬಂದ ತಿಳಿವಿನಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡಲು ಒಂದು ಮೊರ ಬೇಕು. ಅದಕ್ಕಾಗಿಯೇ ವಿಜ್ಞಾನ. ಕಲಿಸುವುದು ಇಬ್ಬರ ನಡುವೆ ನಡೆಯುವ ಕ್ರಿಯೆಯಾಗಿರುವಾಗ, ಇಬ್ಬರನ್ನೂ ಒಟ್ಟಿಗೆ ನೋಡಬಲ್ಲ ಸಾಧನವನ್ನು ಶಿಕ್ಷಕನಾದವನು ಸ್ವಾಗತಿಸಲೇಬೇಕು.

ಸ್ವಾಗತಿಸಿದ ಮೇಲೆ ಅದರ ಮಿತಿಯನ್ನೂ ಅರಿಯಬೇಕು. ಮೊದಲನೆಯದು, ಮಿದುಳುಗಳು ಹೊಂದಿಕೊಂಡವು ಎಂದರೆ ಮನಸ್ಸುಗಳು ಒಂದಾದವು ಎಂದಲ್ಲ. ಒಂದೇ ಸಿನಿಮಾವನ್ನು ಬೇರೆ ಬೇರೆ ಊರಿನಲ್ಲಿ ನೋಡುವ ಇಬ್ಬರ ಮಿದುಳಿನಲ್ಲೂ ಏರಿಳಿತ ಹೊಂದಬಹುದು. ಅವರ ನಡುವೆ ಯಾವ ಸಂಬಂಧವೂ ಇಲ್ಲ. ಆದ್ದರಿಂದ ಎಚ್ಚರದ ಸಂಶೋಧಕರು ಒಂದು ಜೋಡಿಯ ಗುರುವನ್ನು ಬೇರೊಂದು ಜೋಡಿಯ ಶಿಷ್ಯನೊಡನೆ ಲೆಕ್ಕದಲ್ಲಿ ಜೋಡಿಸಿ ನೋಡುತ್ತಾರೆ. ಆಗಲೂ ಹೊಂದಿಕೆ ಅಷ್ಟೇ ಕಂಡರೆ ಅದು ಸಂಬಂಧದ ಗುರುತಲ್ಲ, ಕೆಲಸದ ಗುರುತು. ಎರಡನೆಯದು, ಒಟ್ಟಿಗೆ ಹಾಡುವವರ ಉಸಿರು ಒಂದಾಗುತ್ತದೆ, ಎದೆಬಡಿತವೂ ಹತ್ತಿರವಾಗುತ್ತದೆ. ಬೆಳಕು ಮಿದುಳನ್ನು ತಲುಪುವ ಮೊದಲು ನೆತ್ತಿಯ ಚರ್ಮದ ರಕ್ತವನ್ನು ಹಾಯಬೇಕು. ಕಂಡದ್ದು ಮಿದುಳಿನದೋ ಚರ್ಮದ್ದೋ ಎಂದು ಬೇರ್ಪಡಿಸುವುದು ಸುಲಭದ ಕೆಲಸವಲ್ಲ. ಮೂರನೆಯದು, ರಕ್ತದ ಹರಿವು ಮಂದಗತಿಯದು. ಮಿದುಳು ದುಡಿದ ಮೇಲೆ ಅದು ಉತ್ತುಂಗ ಮುಟ್ಟಲು ಐದಾರು ಸೆಕೆಂಡು ಬೇಕು. ಆ ಹೊತ್ತಿಗೆ ಒಬ್ಬ ಚುರುಕಾದ ಹುಡುಗ ಉತ್ತರ ಹೇಳಿ ಕುಳಿತಿರುತ್ತಾನೆ.

ನಾಲ್ಕನೆಯದು ಶಿಕ್ಷಕರೆಲ್ಲ ಬಲ್ಲ ಸಂಗತಿ. ಇನ್‌ಸ್ಪೆಕ್ಟರು ಬಂದ ದಿನದ ತರಗತಿಯನ್ನು ನೆನೆಯಿರಿ. ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು, ಕರಿಹಲಗೆ ಮಿರಿಮಿರಿ ಮಿಂಚುತ್ತಿತ್ತು, ಮೇಷ್ಟರ ಕನ್ನಡವೂ ಗ್ರಾಂಥಿಕವಾಗುತ್ತಿತ್ತು. ಸಹಜತೆಯನ್ನು ನೋಡಲು ಹೋದವರು ಸಹಜತೆಯನ್ನೇ ಓಡಿಸುತ್ತಾರೆ. ಟೊಪ್ಪಿಗೆ ಕೊಳವೆಗಿಂತ ಎಷ್ಟೋ ಮೇಲು. ಆದರೂ ತಲೆಯ ಮೇಲೆ ಅದು ಇದೆಯೆಂಬುದನ್ನು ಮಗು ಮರೆತ ಮೇಲೆಯೇ ನಿಜವಾದ ಪ್ರಯೋಗ ಆರಂಭವಾಗುತ್ತದೆ. ಅದಕ್ಕೆ ತಾಳ್ಮೆ ಬೇಕು, ಹಲವು ದಿನ ಬೇಕು, ಸಂಶೋಧಕನು ಮಗುವಿಗೆ ಪರಿಚಿತನಾಗಬೇಕು.

ಇನ್ನು ನಮ್ಮ ಮಕ್ಕಳಿಗೆ ವಿಶೇಷವಾಗಿ ಸಂಬಂಧಿಸಿದ ಮಾತು. ದಟ್ಟವಾದ ಕಪ್ಪು ಕೂದಲು ಈ ಬೆಳಕನ್ನು ಹೀರಿಬಿಡುತ್ತದೆ. ಚರ್ಮದ ಮೆಲನಿನ್ ವರ್ಣದ್ರವ್ಯವೂ ಸ್ವಲ್ಪ ಹೀರುತ್ತದೆ. ಎಣ್ಣೆ ಹಚ್ಚಿ ಎರಡು ಜಡೆ ಬಿಗಿದ ನಮ್ಮ ಹೆಣ್ಣುಮಕ್ಕಳ ತಲೆಯಿಂದ ಬರುವ ಸಂಕೇತ, ತೆಳು ಬಣ್ಣದ ಕೂದಲಿನ ಮಕ್ಕಳದ್ದಕ್ಕಿಂತ ಕ್ಷೀಣವಾಗಿರುತ್ತದೆ. ಸಂಕೇತ ಸರಿಯಾಗಿ ಬಾರದವರನ್ನು ಲೆಕ್ಕದಿಂದ ಕೈಬಿಟ್ಟರೆ 'ಮನುಷ್ಯರ ಮಿದುಳು' ಎಂದು ಬರೆದದ್ದು ಕೆಲವೇ ಮನುಷ್ಯರ ಮಿದುಳಾಗುತ್ತದೆ. ಇದು ಬರಿಯ ಶಂಕೆಯಲ್ಲ. ಇದರ ಸೋದರನಾದ ಆಕ್ಸಿಮೀಟರಿನ ವಿಷಯದಲ್ಲಿ 2020ರಲ್ಲಿ ಅಮೆರಿಕದ ವೈದ್ಯರು ತೋರಿಸಿದ್ದೇನೆಂದರೆ, ಆಮ್ಲಜನಕದ ಅಪಾಯಕರ ಕೊರತೆಯನ್ನು ಆ ಸಾಧನ ಬಿಳಿಯ ರೋಗಿಗಳಿಗಿಂತ ಕರಿಯ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಬಿಟ್ಟಿತ್ತು.

ಹಾಗೆಂದು ಇದು ನಮಗೆ ಒಗ್ಗದ ವಿದ್ಯೆ ಎಂದು ದೂರವಿಡುವುದೂ ತರವಲ್ಲ. ಎಂ.ಆರ್.ಐ. ಯಂತ್ರವನ್ನು ಹಳ್ಳಿಗೆ ಒಯ್ಯಲಾಗದು, ಟೊಪ್ಪಿಗೆಯನ್ನು ಒಯ್ಯಬಹುದು. ಉತ್ತರ ಪ್ರದೇಶದ ಶಿವಗಢದ ಹಳ್ಳಿಗಳಲ್ಲಿ ನಾಲ್ಕು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳ ದೃಶ್ಯಸ್ಮರಣೆಯನ್ನು ಈ ಬೆಳಕಿನಿಂದ ಅಭ್ಯಸಿಸಿದ ಫಲಿತಾಂಶ 2019ರಲ್ಲಿ ಪ್ರಕಟವಾಗಿದೆ. ತಾಯಿಯ ಓದು ಮತ್ತು ಮನೆಯ ಆದಾಯ ಕಡಿಮೆಯಿರುವ ಮನೆಗಳ ಮಕ್ಕಳಲ್ಲಿ ಆ ಕೆಲಸಕ್ಕೆ ಬೇಕಾದ ಮಿದುಳಿನ ಚಟುವಟಿಕೆ ದುರ್ಬಲವಾಗಿತ್ತೆಂದು ಅದು ಹೇಳುತ್ತದೆ. ಹೆಣ್ಣುಮಕ್ಕಳನ್ನು ಓದಿಸಿ ಎಂದು ನಾವು ಮನೆಮನೆಗೆ ಹೋಗಿ ಬೇಡಿದ್ದು ಅವರ ಮಕ್ಕಳ ಸಲುವಾಗಿಯೂ ಆಗಿತ್ತು ಎಂಬುದಕ್ಕೆ ಇದೊಂದು ಬೆಂಬಲ. ಇಂಥ ಅಧ್ಯಯನಗಳು ರಾಯಚೂರಿನಲ್ಲಿ, ಚಾಮರಾಜನಗರದಲ್ಲಿ, ಕನ್ನಡದ ಹಾಡು ಕನ್ನಡದ ಆಟಗಳೊಡನೆ ನಡೆಯಲಿ ಎಂಬುದು ನನ್ನ ಆಸೆ.

ಈಗ ಆಡಳಿತ ಮಂಡಳಿಯ ಶಿಷ್ಯನ ಪ್ರಶ್ನೆಗೆ ಬರುತ್ತೇನೆ. 2019ರಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಹಣೆಗೆ ಇಂಥ ಪಟ್ಟಿ ಕಟ್ಟಿದ್ದರು. ಅದು ಬೆಳಕಿನದ್ದಲ್ಲ, ಇ.ಇ.ಜಿ. ಜಾತಿಯದು. ಮಗುವಿನ ಗಮನದ ಮಟ್ಟಕ್ಕೆ ತಕ್ಕಂತೆ ಪಟ್ಟಿಯ ದೀಪದ ಬಣ್ಣ ಬದಲಾಗುತ್ತಿತ್ತು. ಅಂಕಿಗಳು ಶಿಕ್ಷಕರಿಗೆ ಹೋಗುತ್ತಿದ್ದವು. ಚಿತ್ರಗಳು ಹೊರಬಂದಾಗ ಆ ದೇಶದ ಜನರೇ ಕೆರಳಿದರು, ಶಿಕ್ಷಣಾಧಿಕಾರಿಗಳು ಅದನ್ನು ನಿಲ್ಲಿಸಿದರು. ಯುರೋಪಿನ ಒಕ್ಕೂಟ, ಶಾಲೆಗಳಲ್ಲಿ ಮತ್ತು ಕೆಲಸದ ಸ್ಥಳಗಳಲ್ಲಿ ಜನರ ಭಾವನೆಗಳನ್ನು ಊಹಿಸುವ ಕೃತಕ ಬುದ್ಧಿಮತ್ತೆಯನ್ನು 2025ರ ಫೆಬ್ರವರಿಯಿಂದ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ನಿಷೇಧಿಸಿದೆ.

ನಮ್ಮ ನಾಡಿಗೂ ಈ ಚರ್ಚೆ ಹೊಸದಲ್ಲ. ಆರೋಪಿಗಳಿಗೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳಿನ ನಕ್ಷೆ ಮುಂತಾದವನ್ನು ಬಲವಂತವಾಗಿ ಮಾಡಬಹುದೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯ 2010ರ ಮೇ 5ರಂದು ಉತ್ತರ ಕೊಟ್ಟಿತು. ಆ ಮೊಕದ್ದಮೆಯ ಹೆಸರು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ಒಪ್ಪಿಗೆಯಿಲ್ಲದೆ ಯಾರ ಮೇಲೂ ಇವನ್ನು ನಡೆಸುವಂತಿಲ್ಲ ಎಂಬುದು ತೀರ್ಪಿನ ಸಾರ. ಕೊಲೆಯ ಆರೋಪ ಹೊತ್ತವನ ಮಿದುಳಿಗೂ ಅವನ ಅನುಮತಿಯಿಲ್ಲದೆ ಕೈಹಾಕಬಾರದೆಂದು ಹೇಳುವ ದೇಶದಲ್ಲಿ, ಯಾವ ತಪ್ಪನ್ನೂ ಮಾಡದ ಐದನೆಯ ತರಗತಿಯ ಹುಡುಗಿಗೆ ಅಷ್ಟು ಮರ್ಯಾದೆಯೂ ಬೇಡವೇ?

ಕಾನೂನಿನ ಮಾತು ಹಾಗಿರಲಿ, ಶಿಕ್ಷಕನಾಗಿ ನನ್ನ ಆಕ್ಷೇಪ ಬೇರೆಯೇ ಇದೆ. ಎಂಟನೆಯ ತರಗತಿಗೆ ಸರಳ ಯಂತ್ರಗಳ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಪೀರಿಯಡ್ ಪೂರ್ತಿ ಕಿಟಕಿಯಾಚೆ ನೋಡುತ್ತಿದ್ದ. ಪಕ್ಕದ ಕಟ್ಟಡದಲ್ಲಿ ಕಲ್ಲು ಮೇಲೆತ್ತುತ್ತಿದ್ದರು. ಮರುದಿನ ಎದ್ದು ನಿಂತು, "ಸಾರ್, ಅವರು ಒಂದರ ಬದಲು ಎರಡು ರಾಟೆ ಯಾಕೆ ಹಾಕಿದ್ದಾರೆ?" ಎಂದು ಕೇಳಿದ. ಇಡೀ ತರಗತಿಯಲ್ಲಿ ಪಾಠದೊಳಗೆ ಇದ್ದವನು ಅವನೇ! ಅದೇ ತರಗತಿಯ ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಕಣ್ಣು ಕದಲಿಸದೆ ಹಲಗೆಯನ್ನೇ ನೋಡುತ್ತಿದ್ದಳು, ಅಕ್ಷರ ಮುತ್ತಿನಂತೆ. ತಾಯಿ ಆಸ್ಪತ್ರೆಯಲ್ಲಿದ್ದಾಳೆಂಬುದು ವರಾಂಡದಲ್ಲಿ ನಿಲ್ಲಿಸಿ ಮಾತಾಡಿಸಿದಾಗ ತಿಳಿಯಿತು. ಅವಳ ಹಣೆಯ ಮೇಲೆ ಅಂದು ಒಂದು ಕೆಂಪು ದೀಪ ಹೊತ್ತಿದ್ದರೆ ನಲವತ್ತು ಮಕ್ಕಳೂ ನೋಡುತ್ತಿದ್ದರು. ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಅಂಕಿ ಕೈಯಲ್ಲಿರುವಾಗ ಮಾತಾಡಿಸುವ ಅಗತ್ಯವೇ ಕಾಣುವುದಿಲ್ಲ.

ಸಾಕ್ರೆಟಿಸನ ಪಾಠದ ಪ್ರಯೋಗವನ್ನು ಈಗ ನೆನೆಯಿರಿ. ಚೆನ್ನಾಗಿ ಕಲಿತವರ ಮಿದುಳು ಕಡಿಮೆ ಚಟುವಟಿಕೆ ತೋರಿಸಿತ್ತು. ಹಾಗಿರುವಾಗ 'ಹೆಚ್ಚು ಅಂಕಿ ಅಂದರೆ ಹೆಚ್ಚು ಕಲಿಕೆ' ಎಂದು ಮಾರುವವರನ್ನು ಹೇಗೆ ನಂಬುವುದು? ಹತ್ತಾರು ಜೋಡಿಗಳ ಸರಾಸರಿಯಲ್ಲಿ ಕಂಡ ಸತ್ಯ, ಈ ದಿನದ ಈ ಮಗುವಿಗೆ ಅನ್ವಯಿಸುವ ಸತ್ಯವಲ್ಲ. ಊರಿನ ಸರಾಸರಿ ಮಳೆಯನ್ನು ನೋಡಿ ನಾಳೆ ಕೊಡೆ ಬೇಕೋ ಬೇಡವೋ ಎಂದು ನಿರ್ಧರಿಸಲಾಗದು. ಸಂಶೋಧಕಿಯ ಟೊಪ್ಪಿಗೆ ಕೇಳುವುದು 'ಕಲಿಕೆ ಹೇಗೆ ನಡೆಯುತ್ತದೆ?' ಎಂದು. ಮಾರಾಟಗಾರನ ಪಟ್ಟಿ ಕೇಳುವುದು 'ನೀನು ಕಲಿಯುತ್ತಿದ್ದೀಯೋ ಇಲ್ಲವೋ?' ಎಂದು. ಮೊದಲನೆಯದು ಜಿಜ್ಞಾಸೆ, ಎರಡನೆಯದು ಕಾವಲು. ಕಾವಲು ಇಂದು ಮಕ್ಕಳ ಮೇಲೆ, ನಾಳೆ ಮೇಷ್ಟರ ಮೇಲೆ. 'ನಿಮ್ಮ ಪಾಠಕ್ಕೆ ಮಿದುಳುಗಳು ಹೊಂದಿಕೊಳ್ಳಲಿಲ್ಲ' ಎಂದು ವರ್ಷದ ಇನ್‌ಕ್ರಿಮೆಂಟ್ ತಡೆಯುವ ಕಾಲ ಬಂದರೆ ಅಚ್ಚರಿಯಿಲ್ಲ.

ಮಗುವಿನ ಮನಸ್ಸು ಅಲೆಯಬೇಕು. ಅಲೆದು ಬರುವಾಗ ಅದು ಏನನ್ನಾದರೂ ಹೊತ್ತು ತರುತ್ತದೆ. ಮುಖ ನೋಡಿ ಊಹಿಸುವ ಶಿಕ್ಷಕನ ಊಹೆಯೂ ಕೆಲವೊಮ್ಮೆ ತಪ್ಪುತ್ತದೆ. ಆದರೆ ಆ ಊಹೆಗೆ ಮಗು "ಇಲ್ಲ ಸಾರ್" ಎಂದು ಉತ್ತರ ಕೊಡಬಹುದು. ಹಣೆಯ ದೀಪಕ್ಕೆ ಹಾಗೆ ಉತ್ತರ ಕೊಡಲಾಗದು.

ಆದ್ದರಿಂದ, ಶಾಲೆಯ ಬಾಗಿಲಿಗೆ ಇಂಥ ಸಾಧನ ಬಂದಾಗ ಕೇಳಬೇಕಾದ ಮಾತುಗಳನ್ನು ನನ್ನ ಶಿಷ್ಯನಿಗೆ ಹೀಗೆ ಬರೆದು ಕಳಿಸಿದ್ದೇನೆ. ತಂದ ವ್ಯಕ್ತಿ ಪ್ರಶ್ನೆ ಹೊತ್ತು ಬಂದಿದ್ದಾನೆಯೋ ಬಿಲ್ಲು ಹೊತ್ತು ಬಂದಿದ್ದಾನೆಯೋ ನೋಡು. ತಂದೆತಾಯಿಗೆ ಅವರ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಮಗುವನ್ನೂ ಬೇರೆಯಾಗಿ ಕೇಳಬೇಕು. ಕಾರಣ ಹೇಳದೆ ಟೊಪ್ಪಿಗೆ ಕಳಚಿಡುವ ಸ್ವಾತಂತ್ರ್ಯ ಅದಕ್ಕಿರಬೇಕು. ದಾಖಲೆಯಲ್ಲಿ ಹೆಸರಿರಕೂಡದು. ಅಂಕಪಟ್ಟಿಗಾಗಲಿ, ಮುಖ್ಯೋಪಾಧ್ಯಾಯರ ಮೇಜಿಗಾಗಲಿ, ಪೋಷಕರ ಮೊಬೈಲಿಗಾಗಲಿ ಒಂದು ಮಗುವಿನ ಅಂಕಿಯೂ ಹೋಗಕೂಡದು. ಶಿಕ್ಷಕರ ಮೌಲ್ಯಮಾಪನಕ್ಕೆ ಅದನ್ನು ಬಳಸಕೂಡದು. ಕೊನೆಯದಾಗಿ, ಕಂಡುಕೊಂಡದ್ದನ್ನು ಆ ಶಾಲೆಗೇ ಮರಳಿ ಬಂದು, ಮಕ್ಕಳ ಮುಂದೆ ನಿಂತು, ಕನ್ನಡದಲ್ಲಿ ಹೇಳುವೆನೆಂದು ಸಂಶೋಧಕರು ಮಾತು ಕೊಡಬೇಕು. ಇಷ್ಟಕ್ಕೆ ಒಪ್ಪುವವರು ಬಂದರೆ ಬಾಗಿಲು ತೆರೆದು, ಬಿಸಿಯೂಟಕ್ಕೂ ಕೂರಿಸು. ಒಪ್ಪದಿದ್ದರೆ ನಮಸ್ಕಾರ ಹೇಳಿ ಕಳಿಸು.

ಸದ್ಯಕ್ಕೆ ಯಾವ ಟೊಪ್ಪಿಗೆಯೂ ಇಲ್ಲದೆ ಮಾಡಬಹುದಾದ ಕೆಲಸಗಳಿವೆ. ಮಕ್ಕಳ ಕಡೆಗೆ ಮುಖ ಮಾಡಿ ಮಾತಾಡುವುದು, ಹೇಳುವುದರ ನಡುವೆ ಕೇಳುವುದು, ದೊಡ್ಡದನ್ನು ಒಡೆದು ಸಾಲು ಸಾಲಾಗಿ ಕಲಿಸುವುದು, ಚಿಕ್ಕ ಮಗುವಿನ ಜೊತೆ ಇರುವಾಗ ಅದರ ಹಿಂದೆ ಹೋಗುವುದು. ನಿಮ್ಮಲ್ಲಿ ಹಲವರು ಈಗ ತಂದೆತಾಯಿಗಳು, ಕೆಲವರು ಶಿಕ್ಷಕರು. ಸಂಜೆ ಮನೆಗೆ ಬಂದಾಗ ಕೈಯಲ್ಲಿರುವ ಮೊಬೈಲನ್ನು ಅರ್ಧ ಗಂಟೆ ಬದಿಗಿರಿಸಿ ಮಗುವಿನ ಎದುರಿಗೆ ಕುಳಿತುಕೊಳ್ಳಿ. ಈ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲ ವೈದ್ಯರೂ ಎಂಜಿನಿಯರುಗಳೂ ನಿಮ್ಮ ನಡುವೆ ಇದ್ದೀರಿ. ನನ್ನ ವಾದಕ್ಕೆ ಪ್ರತಿವಾದವಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿ ಎದುರುತ್ತರ ಕೊಟ್ಟವರನ್ನು ನಾನು ಎಂದೂ ಹೊರಗೆ ನಿಲ್ಲಿಸಿದವನಲ್ಲ ಎಂಬುದು ನಿಮಗೆ ಗೊತ್ತೇ ಇದೆ.